ಡೆಸ್ಕ್‌ಟಾಪ್‌ಗೆ ಸ್ವಂತ ಥೀಮ್: ಯಾವ ದಾರಿ ಯಾರಿಗೆ?

ಯಾರದೋ ಡೆಸ್ಕ್‌ಟಾಪ್‌ನ ಸ್ಕ್ರೀನ್‌ಶಾಟ್ ನೋಡಿ "ನನ್ನದೂ ಹೀಗೇ ಇರಬೇಕು" ಅನ್ನಿಸಿದಲ್ಲಿಂದ ಬಹಳ ಮಂದಿಗೆ ಥೀಮ್ ಹುಚ್ಚು ಹತ್ತುತ್ತದೆ. ನನಗೂ ಹಾಗೇ ಹತ್ತಿದ್ದು. ಆದರೆ ಆ ಸ್ಕ್ರೀನ್‌ಶಾಟ್‌ನಲ್ಲಿ ಏನಿರುತ್ತದೆ ನೋಡಿ: ಒಂದು ಟರ್ಮಿನಲ್, ಒಂದು ಮ್ಯೂಸಿಕ್ ಪ್ಲೇಯರ್, ಮೂಲೆಯಲ್ಲೊಂದು ಗಡಿಯಾರ, ಹಿಂದೆ ಮಂಜು ಕವಿದ ಬೆಟ್ಟ. ಪ್ರಿಂಟರ್ ಸೆಟ್ಟಿಂಗ್ಸ್ ವಿಂಡೋ ಅದರಲ್ಲಿ ಇರುವುದಿಲ್ಲ. "ಈ ಫೈಲ್ ಅಳಿಸಬೇಕೇ?" ಎಂದು ಕೇಳುವ ಪುಟ್ಟ ಡಬ್ಬಿ ಇರುವುದಿಲ್ಲ. ಒತ್ತಲು ಬಾರದ ಮಂಕು ಬಟನ್ ಇರುವುದಿಲ್ಲ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರಿಗೆ ಎದುರಾಗುವುದು ಮಾತ್ರ ಚಿತ್ರದಿಂದ ಹೊರಗುಳಿದ ಇವೇ.

ಹಾಗಾಗಿ ವಿಂಡೋಸ್, ಮ್ಯಾಕ್, ಲಿನಕ್ಸ್‌ಗಳಲ್ಲಿರುವ ದಾರಿಗಳನ್ನು ಹೋಲಿಸುವಾಗ "ಯಾವುದು ಚೆಂದ" ಎಂಬ ಪ್ರಶ್ನೆಯನ್ನು ಹಿಂದಕ್ಕಿಟ್ಟಿದ್ದೇನೆ. ಮನಸ್ಸಿದ್ದರೆ ಎಲ್ಲದರಲ್ಲೂ ಚೆಂದ ಮಾಡಬಹುದು. ನಾನು ಕೇಳುವುದು ಎರಡೇ. ಈ ಥೀಮ್ ಪರದೆಯ ಎಷ್ಟು ಭಾಗವನ್ನು ನಿಜಕ್ಕೂ ಮುಟ್ಟುತ್ತದೆ? ಮುಂದಿನ ಅಪ್‌ಡೇಟ್ ಬಂದ ದಿನ ಇದನ್ನು ಸರಿಮಾಡಲು ಎಷ್ಟು ಹೊತ್ತು ಕೂರಬೇಕಾಗುತ್ತದೆ?

ಯಾವ ಸಿಸ್ಟಮ್ ಆದರೂ, ಮೊದಲು ಬಣ್ಣ

ಬಣ್ಣದ ಪಟ್ಟಿಯೊಂದೇ ಎಲ್ಲ ದಾರಿಗಳಲ್ಲೂ ನಿಮ್ಮ ಜೊತೆ ಬರುವ ಸಾಮಾನು. ವಿಂಡೋ ಚೌಕಟ್ಟು ವಿಂಡೋಸ್‌ನಿಂದ ಲಿನಕ್ಸ್‌ಗೆ ಬರುವುದಿಲ್ಲ, ಹದಿನಾರು ಬಣ್ಣಗಳ ಪಟ್ಟಿ ಬರುತ್ತದೆ. ಇಲ್ಲಿ ಆಯ್ಕೆ ಮೂರು: ಸಿದ್ಧ ಪ್ಯಾಲೆಟ್ ತೆಗೆದುಕೊಳ್ಳುವುದು, ಸ್ವಂತದ್ದು ಕಟ್ಟುವುದು, ವಾಲ್‌ಪೇಪರ್‌ನಿಂದ ಹಿಂಡುವುದು.

ಸಿದ್ಧ ಪ್ಯಾಲೆಟ್‌ಗಳಲ್ಲಿ 2011ರ ಸೋಲರೈಜ್ಡ್ ಹಳೆಯ ತಲೆ. ಹದಿನಾರು ಬಣ್ಣ, ಎಂಟು ಹಿನ್ನೆಲೆಗೂ ಅಕ್ಷರಕ್ಕೂ, ಉಳಿದ ಎಂಟು ಎತ್ತಿ ತೋರಿಸುವುದಕ್ಕೆ. ಬೆಳಕಿನ ಥೀಮ್‌ಗೂ ಕತ್ತಲ ಥೀಮ್‌ಗೂ ಅದೇ ಎಂಟು ಬಣ್ಣ ಹೊಂದುವಂತೆ ಕೂಡಿಸಿರುವುದು ಅದರ ಜಾಣತನ. ನಾರ್ಡ್ ಕೂಡ ಹದಿನಾರೇ, ತಣ್ಣನೆಯ ನೀಲಿಗಳ ಕಡೆ ವಾಲಿದ್ದು. ಗ್ರೂವ್‌ಬಾಕ್ಸ್ ಬೆಚ್ಚಗೆ, ಡ್ರಾಕುಲಾ ನೇರಳೆ-ಗುಲಾಬಿ. ಕ್ಯಾಟ್‌ಪುಚಿನ್‌ನಲ್ಲಿ ನಾಲ್ಕು ಬಗೆ, ಒಂದೊಂದರಲ್ಲಿ 26 ಬಣ್ಣ. ಇವುಗಳ ಲಾಭವಿರುವುದು ಚೆಂದದಲ್ಲಲ್ಲ. ನೀವು ಬಳಸುವ ಎಡಿಟರ್, ಟರ್ಮಿನಲ್, ಚಾಟ್ ಆಪ್‌ಗಳಿಗೆಲ್ಲ ಯಾರೋ ಆಗಲೇ ಆ ಪ್ಯಾಲೆಟ್ ಹೊಂದಿಸಿ ಇಟ್ಟಿರುತ್ತಾರೆ. ಸ್ವಂತ ಪ್ಯಾಲೆಟ್ ಕಟ್ಟಿದರೆ ಆ ಕೆಲಸವೆಲ್ಲ ನಿಮ್ಮ ತಲೆಗೆ.

ಆದರೂ ಸ್ವಂತದ್ದೇ ಬೇಕೆನ್ನುವವರು ಕಾಂಟ್ರಾಸ್ಟ್ ಲೆಕ್ಕ, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರದ ಲೆಕ್ಕ, ಕಲಿಯಲೇಬೇಕು. ಲೆಕ್ಕ ಸುಲಭ: ಎರಡೂ ಬಣ್ಣಗಳ ಬೆಳಕಿನ ಪ್ರಮಾಣಕ್ಕೆ 0.05 ಸೇರಿಸಿ, ದೊಡ್ಡದನ್ನು ಚಿಕ್ಕದರಿಂದ ಭಾಗಿಸಬೇಕು. ವೆಬ್ ಎಲ್ಲರಿಗೂ ಓದಲು ಬರಲೆಂದು ಡಬ್ಲ್ಯೂ3ಸಿ ಸಂಸ್ಥೆ ರೂಪಿಸಿದ ಮಾನದಂಡ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಕೇಳುತ್ತದೆ, ದೊಡ್ಡ ಗಾತ್ರದ ಅಕ್ಷರ, ಐಕಾನ್, ಬಟನ್ ಅಂಚುಗಳಿಗೆ 3 ಸಾಕು. ಡೆಸ್ಕ್‌ಟಾಪ್‌ಗೂ ಅದನ್ನೇ ಹಿಡಿದರೆ ಮೋಸವಿಲ್ಲ. ಬಿಳಿಯ ಮೇಲೆ #777777 ಎಂಬ ಸಂಕೇತದ ಬೂದು ಅಕ್ಷರ ಇಟ್ಟರೆ ಅನುಪಾತ 4.48, ಅಂದರೆ ನಪಾಸು. #767676 ಇಟ್ಟರೆ 4.54, ಪಾಸು. ಇದು ಕೂದಲು ಸೀಳುವ ಲೆಕ್ಕ, ನಿಜ. ಆದರೆ ಕತ್ತಲ ಥೀಮ್‌ಗಳಲ್ಲಿ ತಪ್ಪು ಇಷ್ಟು ಸಣ್ಣದಿರುವುದಿಲ್ಲ. #282828 ಹಿನ್ನೆಲೆಯ ಮೇಲೆ #888888 ಅಕ್ಷರ ಶಾಂತವಾಗಿ, ಸೊಗಸಾಗಿ ಕಾಣುತ್ತದೆ, ಅನುಪಾತ 4.2ರ ಹತ್ತಿರ. ಸಂಜೆ ಆರರ ಹೊತ್ತಿಗೆ ಕಣ್ಣು ಕಿರಿದಾಗುವುದು ಯಾಕೆಂದು ನನಗೆ ಬಹಳ ದಿನ ಹೊಳೆಯಲಿಲ್ಲ. #999999 ಮಾಡಿದೆ, 5.2ರ ಹತ್ತಿರ ಬಂತು, ಕಿರಿಕಿರಿ ನಿಂತಿತು.

ಇನ್ನೊಂದು ಬಲೆ ನೀಲಿ. ಬೆಳಕಿನ ಲೆಕ್ಕದಲ್ಲಿ ಹಸಿರಿನ ತೂಕ 0.7152, ಕೆಂಪಿನದು 0.2126, ನೀಲಿಯದು ಬರೀ 0.0722. ಹಾಗಾಗಿ ಕಪ್ಪಿನ ಮೇಲೆ ಅಪ್ಪಟ ಹಸಿರು 15.3 ಅಂಕ ಪಡೆದರೆ ಅಪ್ಪಟ ನೀಲಿಗೆ ಸಿಗುವುದು 2.44. ಟರ್ಮಿನಲ್‌ನಲ್ಲಿ ಫೋಲ್ಡರ್ ಹೆಸರುಗಳು ಕಡುನೀಲಿಯಲ್ಲಿ ಮುಳುಗಿ ಹೋಗುವುದು ಇದೇ ಕಾರಣಕ್ಕೆ. ಕತ್ತಲ ಥೀಮ್‌ಗೆ ನೀಲಿ ಬೇಕಿದ್ದರೆ ಅದಕ್ಕೆ ಧಾರಾಳವಾಗಿ ಬಿಳಿ ಬೆರೆಸಿ.

ವಾಲ್‌ಪೇಪರ್‌ನಿಂದ ಬಣ್ಣ ಹಿಂಡುವ ಪೈವಾಲ್‌ನಂಥ ಸಾಧನಗಳು ಮೊದಲ ದಿನ ಮಾಯೆಯ ಹಾಗೆ ಕಾಣುತ್ತವೆ. ಚಿತ್ರ ಬದಲಿಸಿದರೆ ಟರ್ಮಿನಲ್‌ನ ಹದಿನಾರೂ ಬಣ್ಣ ಬದಲು. ತೊಂದರೆ ಅಲ್ಲೇ ಇದೆ: ಆ ಹದಿನಾರರಲ್ಲಿ ಕೆಂಪು ಎಂದರೆ ತಪ್ಪು, ಹಸಿರು ಎಂದರೆ ಸರಿ ಎಂದು ಎಲ್ಲ ಪ್ರೋಗ್ರಾಂಗಳೂ ನಂಬಿಕೊಂಡಿವೆ. ಮರುಭೂಮಿಯ ಫೋಟೋ ಹಾಕಿದ ದಿನ ನನ್ನ ಕೆಂಪೂ ಹಸಿರೂ ಎರಡು ಬಗೆಯ ಕಂದಾದವು. ಕೋಡ್‌ನಲ್ಲಿ ಯಾವ ಸಾಲು ಸೇರಿಸಿದ್ದು, ಯಾವುದು ಅಳಿಸಿದ್ದು ಎಂದು ಬಣ್ಣದಿಂದ ಗುರುತೇ ಸಿಗಲಿಲ್ಲ. ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳಲ್ಲೊಂದಾದ ಕೆಡಿಇ ಪ್ಲಾಸ್ಮಾ 2022ರಿಂದ ವಾಲ್‌ಪೇಪರ್‌ನಿಂದ ಆಕ್ಸೆಂಟ್ ಬಣ್ಣವೊಂದನ್ನು (ಆಯ್ದದ್ದನ್ನು, ಮುಖ್ಯವಾದದ್ದನ್ನು ಎತ್ತಿ ತೋರಿಸುವ ಬಣ್ಣ) ಮಾತ್ರ ಎತ್ತಿಕೊಳ್ಳುತ್ತದೆ. ಅಷ್ಟಕ್ಕೆ ನಿಲ್ಲಿಸುವುದು ವಿವೇಕ.

ವಿಂಡೋಸ್: ಬಾಗಿಲು ಮುಚ್ಚಿದೆ, ಕಿಟಕಿಗಳು ನಾಲ್ಕಿವೆ

ವಿಂಡೋಸ್ 95ರ ಜೊತೆ ಬಂದ ಪ್ಲಸ್ ಪ್ಯಾಕ್‌ನಿಂದಲೂ ಮೈಕ್ರೋಸಾಫ್ಟ್ ಥೀಮ್ ಎನ್ನುವುದು ವಾಲ್‌ಪೇಪರ್, ಬಣ್ಣ, ಶಬ್ದ, ಕರ್ಸರ್, ಡೆಸ್ಕ್‌ಟಾಪ್ ಐಕಾನ್‌ಗಳ ಗಂಟನ್ನು. ಇಂದಿಗೂ ಆ ಥೀಮ್ ಫೈಲ್ ನೋಟ್‌ಪ್ಯಾಡ್‌ನಲ್ಲಿ ತೆರೆಯುವ ಬರೀ ಪಠ್ಯ. ಬಟನ್, ಚೌಕಟ್ಟು, ಸ್ಕ್ರೋಲ್‌ಬಾರ್‌ಗಳ ರೂಪ ಮಾತ್ರ ಅದರ ಕೈಯಲ್ಲಿಲ್ಲ. ಅದು ಇರುವುದು 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ಎಂಎಸ್‌ಸ್ಟೈಲ್ಸ್ ಎಂಬ ಫೈಲ್‌ನಲ್ಲಿ. ಅದಕ್ಕೆ ಮೈಕ್ರೋಸಾಫ್ಟ್‌ನ ಡಿಜಿಟಲ್ ಸಹಿ ಇಲ್ಲದಿದ್ದರೆ ಸಿಸ್ಟಮ್ ಮುಟ್ಟುವುದಿಲ್ಲ.

ಮೊದಲ ಕಿಟಕಿ, ಆ ಸಹಿಯ ತಪಾಸಣೆಯನ್ನೇ ತಪ್ಪಿಸುವ ಪ್ಯಾಚ್. ಸಿಸ್ಟಮ್ ಫೈಲ್ ತಿದ್ದುವ ಹಳೆಯ ಪ್ಯಾಚ್‌ಗಳಿವೆ; ಡಿಸ್ಕ್‌ನಲ್ಲಿರುವ ಫೈಲ್ ಮುಟ್ಟದೆ ಕೆಲಸ ಸಾಧಿಸುವ ಸೆಕ್ಯೂರ್‌ಯುಎಕ್ಸ್‌ಥೀಮ್ ಕೂಡ ಇದೆ. ಇದರಿಂದ ಹಳೆಯ ಬಗೆಯ ವಿಂಡೋಗಳೆಲ್ಲ ನಿಮ್ಮ ಮಾತು ಕೇಳುತ್ತವೆ. ಆದರೆ ವಿಂಡೋಸ್ 11ರ ಸ್ಟಾರ್ಟ್ ಮೆನು, ಟಾಸ್ಕ್‌ಬಾರ್, ಸೆಟ್ಟಿಂಗ್ಸ್ ಬೇರೆ ತಂತ್ರದಲ್ಲಿ ಬರೆದವು. ಎಂಎಸ್‌ಸ್ಟೈಲ್ಸ್‌ನ ಮಾತು ಅವುಗಳ ಕಿವಿಗೆ ಬೀಳುವುದೇ ಇಲ್ಲ. ಅರ್ಧ ಪರದೆ ನಿಮ್ಮದು, ಅರ್ಧ ಅವರದು. ಅದರ ಮೇಲೆ ದೊಡ್ಡ ಅಪ್‌ಡೇಟ್ ಬಂದರೆ ಲಾಗಿನ್ ಆದಮೇಲೆ ಏನು ಕಾಣುತ್ತದೋ ಎಂಬ ದಿಗಿಲು. ಕೆಲಸದ ಕಂಪ್ಯೂಟರ್‌ಗೆ ಈ ದಾರಿ ಬೇಡ ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಹಳೆಯ ಲ್ಯಾಪ್‌ಟಾಪ್ ಬಿದ್ದಿದ್ದರೆ ಅದರ ಮೇಲೆ ಆಡಿ.

ಎರಡನೆಯದು ಸ್ಟಾರ್‌ಡಾಕ್ ಕಂಪನಿಯ ವಿಂಡೋಬ್ಲೈಂಡ್ಸ್. ದುಡ್ಡು ಕೊಟ್ಟು ಕೊಳ್ಳಬೇಕು. ಸ್ಕಿನ್ ತಯಾರಿಸಲು ಅದರದೇ ಸಾಧನವಿದೆ. ಪ್ಯಾಚ್‌ಗಿಂತ ನೆಮ್ಮದಿ ಏಕೆಂದರೆ ಅಪ್‌ಡೇಟ್‌ಗೆ ಹೊಂದಿಸುವ ತಲೆನೋವು ನಿಮ್ಮದಲ್ಲ, ಅವರದು. ಮೂರನೆಯದು ವಿಂಡ್‌ಹಾಕ್: ಬೇಕಾದ ಒಂದೊಂದೇ ಬದಲಾವಣೆಯನ್ನು ಮಾಡ್ ಎಂಬ ಪುಟ್ಟ ತಿದ್ದುಪಡಿಯ ರೂಪದಲ್ಲಿ ಹಾಕಿಕೊಳ್ಳುವ ಉಚಿತ ಸಾಧನ. ಎಂಎಸ್‌ಸ್ಟೈಲ್ಸ್‌ಗೆ ಬಗ್ಗದ ಟಾಸ್ಕ್‌ಬಾರ್, ಸ್ಟಾರ್ಟ್ ಮೆನುಗಳನ್ನು ತಿದ್ದುವ ಮಾಡ್‌ಗಳು ಇದರಲ್ಲಿವೆ. ಒಂದು ಕೆಟ್ಟರೆ ಅದೊಂದನ್ನೇ ಆರಿಸಬಹುದು, ಉಳಿದದ್ದು ನಡೆಯುತ್ತಿರುತ್ತದೆ. ವಿಂಡೋಸ್‌ನಲ್ಲೇ ಇರಬೇಕಾದವರಿಗೆ ಈಗ ನನ್ನ ಮೊದಲ ಸಲಹೆ ಇದೇ.

ನಾಲ್ಕನೆಯದು ರೇನ್‌ಮೀಟರ್. ಇದು ಥೀಮ್ ಅಲ್ಲ, ವಾಲ್‌ಪೇಪರ್‌ನ ಮೇಲೆ ಅಂಟಿಸುವ ಚೀಟಿ ಎಂದುಕೊಳ್ಳಿ. ಆದರೆ ವಿನ್ಯಾಸ ಕಲಿಯಲು ಇದರಷ್ಟು ಒಳ್ಳೆಯ ಜಾಗ ನನಗೆ ಕಂಡಿಲ್ಲ. ಸ್ಕಿನ್ ಎಂದರೆ ಒಂದು ಪಠ್ಯ ಫೈಲ್. ಅದರಲ್ಲಿ ಅಳೆಯುವುದು ಒಂದು ವಿಭಾಗ, ತೋರಿಸುವುದು ಇನ್ನೊಂದು. ಹೊತ್ತು ಎಷ್ಟು, ಪ್ರೊಸೆಸರ್ ಎಷ್ಟು ಬಳಕೆಯಲ್ಲಿದೆ ಎಂದು ಮೊದಲನೆಯದು ಅಳೆದು ತರುತ್ತದೆ. ಅದನ್ನು ಅಕ್ಷರವಾಗಿಯೋ ಪಟ್ಟಿಯಾಗಿಯೋ ಎರಡನೆಯದು ಬಿಡಿಸುತ್ತದೆ. ಮಾಮೂಲಾಗಿ 1000 ಮಿಲಿಸೆಕೆಂಡ್‌ಗೊಮ್ಮೆ ಹೊಸದಾಗುತ್ತದೆ. ಬಣ್ಣದ ಅಂಕಿ ಬದಲಿಸಿ, ರಿಫ್ರೆಶ್ ಒತ್ತಿದರೆ ಫಲ ಕಣ್ಣೆದುರು. ಒಂದು ಮಧ್ಯಾಹ್ನದಲ್ಲಿ ಗಡಿಯಾರ ಸಿದ್ಧ. ಸಿಸ್ಟಮ್‌ನ ಮೈಮುಟ್ಟದೆ ಮೇಲೆ ಕೂತಿರುವುದರಿಂದ ಅಪ್‌ಡೇಟ್‌ಗಳ ಭಯವೂ ಕಡಿಮೆ. ಬ್ರೌಸರನ್ನು ಪೂರ್ತಿ ಪರದೆಗೆ ಹಿಗ್ಗಿಸಿದ ಕ್ಷಣ ಅದೆಲ್ಲ ಮರೆಯಾಗುತ್ತದೆ ಎನ್ನುವುದು ಬೇರೆ ಮಾತು.

ಇವೆಲ್ಲದರ ನಡುವೆ ಜನ ಮರೆಯುವ ಒಂದು ಅಧಿಕೃತ ಹಾದಿಯಿದೆ: ದೃಷ್ಟಿ ಮಂದವಿರುವವರಿಗಾಗಿ ಇರುವ ಕಾಂಟ್ರಾಸ್ಟ್ ಥೀಮ್‌ಗಳು. ಹಿನ್ನೆಲೆ, ಅಕ್ಷರ, ಲಿಂಕ್, ಮಂಕು ಅಕ್ಷರ, ಆಯ್ದ ಅಕ್ಷರ, ಬಟನ್ ಹೀಗೆ ಒಂದೊಂದಕ್ಕೂ ಬಣ್ಣ ಆರಿಸಬಹುದು, ಪ್ಯಾಚ್ ಬೇಕಿಲ್ಲ, ಹೊಸ ಆಪ್‌ಗಳೂ ಬಹುಮಟ್ಟಿಗೆ ಪಾಲಿಸುತ್ತವೆ. ನೆರಳು, ಗಾಜಿನ ಹೊಳಪು ಯಾವುದೂ ಉಳಿಯದೆ ಎಲ್ಲ ಚಪ್ಪಟೆಯಾಗುತ್ತದೆ. ನನಗದು ಹಿಡಿಸಿತು, ಎಲ್ಲರಿಗೂ ಹಿಡಿಸಲಿಕ್ಕಿಲ್ಲ.

ಮ್ಯಾಕ್: ಕೊಟ್ಟಷ್ಟು ಪಡೆ

ಇಲ್ಲಿ ಹೆಚ್ಚು ಹೊತ್ತು ನಿಲ್ಲುವ ಅಗತ್ಯವಿಲ್ಲ. 2015ರ ಎಲ್ ಕ್ಯಾಪಿಟನ್‌ನಿಂದ ಸಿಸ್ಟಮ್ ಫೋಲ್ಡರ್‌ಗಳಿಗೆ ಕಾವಲು ಬಿದ್ದಿದೆ. 2020ರ ಬಿಗ್ ಸರ್‌ನಿಂದ ಆ ಇಡೀ ಭಾಗಕ್ಕೇ ಮುದ್ರೆ ಒತ್ತಲಾಗಿದೆ. ಡಾರ್ಕ್ ಮೋಡ್, ಆಕ್ಸೆಂಟ್ ಬಣ್ಣ 2018ರ ಮೊಹಾವೆಯಿಂದ ಇವೆ. ಆಪ್ ಅಥವಾ ಫೋಲ್ಡರಿನ ಮಾಹಿತಿ ವಿಂಡೋ ತೆರೆದು ಐಕಾನ್ ಮೇಲೆ ನಿಮ್ಮ ಚಿತ್ರ ಪೇಸ್ಟ್ ಮಾಡಬಹುದು. ಮೇಲ್ಪಟ್ಟಿಯ ಬದಲು ಸ್ವಂತದ್ದು ಬೇಕೆಂದರೆ ಸ್ಕೆಚಿಬಾರ್, ಡೆಸ್ಕ್‌ಟಾಪ್ ಮೇಲೆ ವಿಜೆಟ್ ಬೇಕೆಂದರೆ ಊಬರ್‌ಸಿಖ್ಟ್. ವಿಂಡೋಗಳನ್ನು ಜೋಡಿಸುವ ಯಾಬಾಯ್‌ನ ಪೂರ್ತಿ ಶಕ್ತಿ ಬೇಕಿದ್ದರೆ ಆ ಕಾವಲನ್ನು ಒಂದಿಷ್ಟು ಸಡಿಲಿಸಬೇಕು. ಬರೀ ಅಂದಕ್ಕಾಗಿ ನಾನು ಸಡಿಲಿಸುವುದಿಲ್ಲ. ಮ್ಯಾಕ್ ಇರುವವರು ವಾಲ್‌ಪೇಪರ್, ಐಕಾನ್, ಟರ್ಮಿನಲ್ ಬಣ್ಣ ಈ ಮೂರನ್ನು ಚೆನ್ನಾಗಿ ಹೊಂದಿಸಿಕೊಂಡರೆ ಸಾಕು.

ಕೆಡಿಇ ಪ್ಲಾಸ್ಮಾ: ತುಂಡು ತುಂಡಾಗಿ ಕಲಿಯುವವರಿಗೆ

ಸ್ವಂತ ಥೀಮ್ ಮಾಡಲೇಬೇಕು, ಆದರೆ ಎಲ್ಲಿಂದ ಶುರು ಮಾಡಲಿ ಎಂದು ಕೇಳಿದವರಿಗೆಲ್ಲ ನಾನು ತೋರಿಸುವುದು ಲಿನಕ್ಸ್‌ನ ಪ್ಲಾಸ್ಮಾವನ್ನು. ಕಾರಣ, ಇಲ್ಲಿ ಥೀಮ್ ಒಂದೇ ಇಡುಗಂಟಲ್ಲ. ಬಣ್ಣದ ಪಟ್ಟಿ ಬೇರೆ, ಪ್ಯಾನೆಲ್‌ನ ರೂಪ ಬೇರೆ, ವಿಂಡೋ ಚೌಕಟ್ಟು ಬೇರೆ, ಆಪ್‌ಗಳ ಒಳಗಿನ ಬಟನ್-ಚೆಕ್‌ಬಾಕ್ಸ್‌ಗಳ ಶೈಲಿ ಬೇರೆ; ಐಕಾನ್, ಕರ್ಸರ್, ಲಾಗಿನ್ ಪರದೆ ಒಂದೊಂದೂ ಬೇರೆ. ಇವನ್ನೆಲ್ಲ ಒಂದು ಹೆಸರಿನಲ್ಲಿ ಕಟ್ಟಿದರೆ ಗ್ಲೋಬಲ್ ಥೀಮ್. ಒಂದನ್ನು ಮಾಡಿ ಉಳಿದದ್ದನ್ನು ಹಾಗೇ ಬಿಟ್ಟರೂ ಡೆಸ್ಕ್‌ಟಾಪ್ ಅಂಗವಿಕಲವಾಗಿ ಕಾಣುವುದಿಲ್ಲ.

ಬಣ್ಣದ ಪಟ್ಟಿ ಒಂದು ಸಂಜೆಯ ಕೆಲಸ. ಸೆಟ್ಟಿಂಗ್ಸ್‌ನಲ್ಲೇ ಕೂತು ತಿದ್ದಬಹುದು. ಉಳಿಸಿದರೆ ಪಠ್ಯ ಫೈಲ್. ಜಿಟಿಕೆ ಎಂಬ ಇನ್ನೊಂದು ಬಳಗದ ಆಪ್‌ಗಳಿಗೂ ಈ ಬಣ್ಣಗಳು ತಕ್ಕಮಟ್ಟಿಗೆ ಹರಿದು ಹೋಗುತ್ತವೆ. ಪರದೆಯ ಮುಕ್ಕಾಲು ಪಾಲು ಬದಲಾದಂತೆ ಕಾಣಲು ಇಷ್ಟೇ ಸಾಕು, ಮತ್ತು ಅಪ್‌ಡೇಟ್‌ನಿಂದ ಇದು ಕೆಟ್ಟದ್ದನ್ನು ನಾನು ಕಂಡೇ ಇಲ್ಲ.

ವಿಂಡೋ ಚೌಕಟ್ಟಿಗೆ ಬಂದರೆ ಚಿತ್ರ ಬರೆಯಬೇಕು. ಅರೋರೇ ಎಂಬ ವ್ಯವಸ್ಥೆಗೆ ಎಸ್‌ವಿಜಿ ಚಿತ್ರ (ಹಿಗ್ಗಿಸಿದರೂ ಮಸುಕಾಗದ ಬಗೆಯದು) ಕೊಡಬೇಕು, ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ಪ್ರೋಗ್ರಾಂನಲ್ಲಿ ಬರೆದರಾಯಿತು. ನಾಲ್ಕು ಮೂಲೆ, ನಾಲ್ಕು ಅಂಚು, ಒಂದು ನಡು, ಒಟ್ಟು ಒಂಬತ್ತು ತುಂಡು. ವಿಂಡೋ ದೊಡ್ಡದಾದಾಗ ಮೂಲೆಗಳು ಇದ್ದ ಹಾಗೇ ಇರುತ್ತವೆ, ಅಂಚುಗಳು ಒಂದೇ ದಿಕ್ಕಿಗೆ ಹಿಗ್ಗುತ್ತವೆ, ನಡು ಎರಡೂ ಕಡೆ ಹಿಗ್ಗುತ್ತದೆ. ಒಂದೊಂದು ತುಂಡಿಗೂ ನಿಗದಿಯಾದ ಹೆಸರನ್ನೇ ಇಡಬೇಕು. ನನ್ನ ಮೊದಲ ಚೌಕಟ್ಟಿನಲ್ಲಿ ಬಲಮೂಲೆ ಖಾಲಿ ಬಂತು. ಚಿತ್ರವನ್ನು ಮೂರು ಸಲ ಹೊಸದಾಗಿ ಬರೆದೆ, ಬಣ್ಣ ಬದಲಿಸಿದೆ, ಕಂಪ್ಯೂಟರ್ ಮತ್ತೆ ಚಾಲೂ ಮಾಡಿದೆ. ಕೊನೆಗೆ ನೋಡಿದರೆ ಆ ತುಂಡಿನ ಹೆಸರಿನಲ್ಲಿ ಒಂದಕ್ಷರ ಹೆಚ್ಚಿತ್ತು. ಇನ್ನೊಂದು ಪಾಠ: ಮೇಲಂಚಿಗೆ ಎಡದಿಂದ ಬಲಕ್ಕೆ ಮಸುಕಾಗುವ ಬಣ್ಣ ತುಂಬಬೇಡಿ. ಅಂಚು ಹಿಗ್ಗಿದಾಗ ಅದೂ ಹಿಗ್ಗಿ, ಮೂಲೆಯ ಜೊತೆ ಸೇರುವಲ್ಲಿ ಗೆರೆ ಬಿದ್ದುಬಿಡುತ್ತದೆ. ಮೇಲಿಂದ ಕೆಳಕ್ಕೆ ಮಸುಕಾದರೆ ತೊಂದರೆಯಿಲ್ಲ.

ಆಪ್‌ಗಳ ಒಳಗಿನ ಶೈಲಿಯನ್ನು ಮೂಲದಿಂದ ಬರೆಯಬೇಕಾದರೆ ಸಿ++ ಗೊತ್ತಿರಬೇಕು. ಅಡ್ಡದಾರಿ ಕ್ವಾಂಟಮ್; ಇದಕ್ಕೂ ಎಸ್‌ವಿಜಿ ಚಿತ್ರ ಮತ್ತು ಒಂದು ಸಂರಚನಾ ಫೈಲ್ ಸಾಕು. ಬಟನ್‌ನ ಸಹಜ ಸ್ಥಿತಿ, ಮೌಸ್ ಮೇಲೆ ಬಂದಾಗಿನ ಸ್ಥಿತಿ, ಒತ್ತಿದಾಗಿನದು, ಮಂಕಾಗಿದ್ದಾಗಿನದು ಎಂದು ಎಲ್ಲಕ್ಕೂ ಬೇರೆ ಚಿತ್ರ ಬೇಕು. ಇಲ್ಲಿ ವಾರಗಳು ಕಳೆಯುತ್ತವೆ. ಬೇರೆಯವರ ಕ್ವಾಂಟಮ್ ಥೀಮ್ ತೆಗೆದುಕೊಂಡು ಬಣ್ಣ ಮಾತ್ರ ಬದಲಿಸುವುದು ಜಾಣತನ. ಲೈಸೆನ್ಸ್ ಓದಿ, ಹಂಚುವಾಗ ಅವರ ಹೆಸರು ಹಾಕಿ.

2024ರ ಫೆಬ್ರವರಿಯಲ್ಲಿ ಪ್ಲಾಸ್ಮಾ 5ರಿಂದ 6ಕ್ಕೆ ದಾಟಿದಾಗ ಚೌಕಟ್ಟು, ಬಣ್ಣಗಳು ಹೆಚ್ಚಾಗಿ ಉಳಿದವು. ಕೋಡ್ ಇದ್ದ ವಿಜೆಟ್‌ಗಳು, ಲಾಗಿನ್ ಪರದೆಗಳು ತೊಂದರೆ ಕೊಟ್ಟವು. ಚಿತ್ರಕ್ಕಿಂತ ಕೋಡ್ ಬೇಗ ಹಳಸುತ್ತದೆ.

ಗ್ನೋಮ್: ಹೆಸರಿಗೆ ತಕ್ಕ ಅದ್ವೈತ

ಗ್ನೋಮ್ ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್. ಕಾಗದದ ಮೇಲೆ ಅದರ ಥೀಮ್ ಅತಿ ಸುಲಭ. ಅದರ ಜಿಟಿಕೆ ಆಪ್‌ಗಳ ರೂಪ ಬರೆಯುವುದು ವೆಬ್ ಪುಟಗಳ ರೂಪ ಬರೆಯುವ ಸಿಎಸ್‌ಎಸ್ ಭಾಷೆಯಲ್ಲಿ. ವೆಬ್ ಪುಟ ಮಾಡಿದವರಿಗೆ ಮನೆಗೆ ಬಂದ ಹಾಗೆ. ಇನ್‌ಸ್ಪೆಕ್ಟರ್ ಎಂಬ ಸಾಧನ ತೆರೆದು ಬಟನ್ ಮೇಲೆ ಕ್ಲಿಕ್ ಮಾಡಿದರೆ ಅದರ ಹೆಸರು, ಅದಕ್ಕೆ ತಗುಲುತ್ತಿರುವ ನಿಯಮ ಎಲ್ಲ ಕಾಣುತ್ತದೆ. ಅಲ್ಲೇ ಎರಡು ಸಾಲು ಬರೆದರೆ ತೆರೆದಿರುವ ಆಪ್ ಅಲ್ಲೇ ಬದಲಾಗುತ್ತದೆ. ಪ್ಲಾಸ್ಮಾದಲ್ಲಿ ಒಂಬತ್ತು ತುಂಡು ಕತ್ತರಿಸಿ ಮಾಡಿದ್ದನ್ನು ಇಲ್ಲಿ ಒಂದು ಸಾಲಿನಲ್ಲಿ ಮಾಡಬಹುದು.

ಕಷ್ಟ ಇರುವುದು ತಂತ್ರದಲ್ಲಲ್ಲ, ಮನೆಯವರ, ಅಂದರೆ ಗ್ನೋಮ್ ಕಟ್ಟುವವರ, ಇಷ್ಟಾನಿಷ್ಟದಲ್ಲಿ. ಜಿಟಿಕೆ 3ರ ಕಾಲದಲ್ಲಿ ಪ್ರತಿ ಹೊಸ ಆವೃತ್ತಿಗೂ ಥೀಮ್ ಮುರಿಯುತ್ತಿತ್ತು, 2016ರ 3.20ರಲ್ಲಿ ಹೆಸರುಗಳು ಸ್ಥಿರವಾದ ಮೇಲಷ್ಟೇ ಥೀಮ್ ಮಾಡುವವರು ಉಸಿರು ಬಿಟ್ಟಿದ್ದು. 2019ರಲ್ಲಿ ಒಂದಷ್ಟು ಆಪ್ ತಯಾರಕರು ಬಹಿರಂಗ ಪತ್ರ ಬರೆದು, ನಮ್ಮ ಆಪ್‌ಗಳಿಗೆ ನಿಮ್ಮ ಥೀಮ್ ಹೇರಬೇಡಿ ಎಂದು ಲಿನಕ್ಸ್ ವಿತರಣೆಗಳನ್ನು ಕೇಳಿಕೊಂಡರು. ಅವರ ದೂರಿನಲ್ಲಿ ಹುರುಳಿತ್ತು. ಥೀಮ್ ಮುರಿದು ಅಕ್ಷರ ಕಾಣದಾದಾಗ ಬಳಸುವವರು ಬೈಯುವುದು ಆಪ್ ಬರೆದವರನ್ನೇ. 2021ರ ಕೊನೆಯ ದಿನ, ಗ್ನೋಮ್ ಆಪ್‌ಗಳಿಗೆ ಒಂದೇ ರೂಪ ಕೊಡುವ ಲಿಬ್‌ಅದ್ವೈತ ಬಂತು. ಹೆಸರು ನಮ್ಮ ಅದ್ವೈತವೇ, ಎರಡಿಲ್ಲದ್ದು. ಹೆಸರಿಗೆ ತಕ್ಕಂತೆ ಅದನ್ನು ಬಳಸಿದ ಆಪ್‌ಗಳು ಸಿಸ್ಟಮ್‌ನಲ್ಲಿ ಆಯ್ದ ಥೀಮ್ ಕಡೆ ತಿರುಗಿ ನೋಡುವುದಿಲ್ಲ. ಹಿನ್ನೆಲೆ, ಕಾರ್ಡ್, ಆಕ್ಸೆಂಟ್‌ಗಳಿಗೆ ಅವು ಇಟ್ಟುಕೊಂಡಿರುವ ಹೆಸರಿನ ಬಣ್ಣಗಳನ್ನು ಬಳಕೆದಾರರ ಸಂರಚನಾ ಫೋಲ್ಡರಿನಲ್ಲಿ ಒಂದು ಸಿಎಸ್‌ಎಸ್ ಫೈಲ್ ಇಟ್ಟು ಬದಲಿಸಬಹುದು. ಅದು ಕೆಲಸ ಮಾಡುತ್ತದೆ, ಆದರೆ ಯಾರೂ ಭರವಸೆ ಕೊಟ್ಟಿಲ್ಲ. 2024ರ ಗ್ನೋಮ್ 47ರಲ್ಲಿ ಒಂಬತ್ತು ಆಕ್ಸೆಂಟ್ ಬಣ್ಣಗಳನ್ನು ಅವರೇ ಕೊಟ್ಟರು. ಅದರಲ್ಲಿ ತೃಪ್ತಿಪಡುವ ಹಾಗಿದ್ದರೆ ಗ್ನೋಮ್‌ನಷ್ಟು ನೆಮ್ಮದಿಯ ಡೆಸ್ಕ್‌ಟಾಪ್ ಬೇರೆ ಇಲ್ಲ. ತೃಪ್ತಿಯಿಲ್ಲದಿದ್ದರೆ ಇಲ್ಲಿ ಗುದ್ದಾಡಬೇಡಿ, ಬೇರೆ ಕಡೆ ಹೋಗಿ.

ಗ್ನೋಮ್ ಇರಲಿ ಪ್ಲಾಸ್ಮಾ ಇರಲಿ, ಗ್ನೋಮ್ ಬಳಗದ ಜಿಟಿಕೆ ಆಪ್ ಮತ್ತು ಪ್ಲಾಸ್ಮಾ ಬಳಗದ ಕ್ಯೂಟಿ ಆಪ್ ಒಂದೇ ಪರದೆಯಲ್ಲಿ ಕೂತರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಒಂದು ತನ್ನ ಟೈಟಲ್‌ಬಾರ್ ತಾನೇ ಬರೆದುಕೊಳ್ಳುತ್ತದೆ. ಇನ್ನೊಂದು ನೀವು ಕಷ್ಟಪಟ್ಟು ಮಾಡಿದ ಚೌಕಟ್ಟು ಹಾಕಿಕೊಳ್ಳುತ್ತದೆ. ಫ್ಲ್ಯಾಟ್‌ಪ್ಯಾಕ್ ಎಂಬ ಆಪ್ ಹಾಕುವ ವ್ಯವಸ್ಥೆಯಿಂದ ಬಂದ ಆಪ್‌ಗಳು ತಮ್ಮದೇ ಗೋಡೆಯೊಳಗೆ ಇರುವುದರಿಂದ ಮನೆಫೋಲ್ಡರಿನ ಥೀಮ್ ಅವಕ್ಕೆ ಕಾಣುವುದೂ ಇಲ್ಲ. ಆ ಥೀಮ್‌ನ ಫ್ಲ್ಯಾಟ್‌ಪ್ಯಾಕ್ ರೂಪ ಹಾಕಬೇಕು, ಇಲ್ಲವೇ ಫೋಲ್ಡರ್ ನೋಡಲು ಅನುಮತಿ ಕೊಡಬೇಕು. "ಥೀಮ್ ಹಾಕಿದೆ, ಈ ಒಂದು ಆಪ್ ಮಾತ್ರ ಬೆಳ್ಳಗಿದೆ" ಎನ್ನುವವರು ಮೊದಲು ನೋಡಬೇಕಾದ್ದು ಇದನ್ನೇ.

ಎಕ್ಸ್‌ಎಫ್‌ಸಿಇ, ಸಿನಮನ್ ಎಂಬ ಲಿನಕ್ಸ್ ಡೆಸ್ಕ್‌ಟಾಪ್‌ಗಳ ಬಗ್ಗೆ ಚುಟುಕಾಗಿ: ಜಿಟಿಕೆ ಥೀಮ್‌ಗಳು ಇನ್ನೂ ಗೌರವದಿಂದ ನಡೆಯುವ ಜಾಗಗಳು ಇವು. ಎಕ್ಸ್‌ಎಫ್‌ಸಿಇಯ ವಿಂಡೋ ಚೌಕಟ್ಟು ಪುಟ್ಟ ಪುಟ್ಟ ಚಿತ್ರಗಳ ಫೋಲ್ಡರ್, ಬಿಡಿಸುವುದು ಸುಲಭ. ಆದರೆ ಆ ಚಿತ್ರಗಳು ಪಿಕ್ಸೆಲ್ ಲೆಕ್ಕದವು. ಒತ್ತಾದ ಪಿಕ್ಸೆಲ್‌ಗಳ ಹೊಸ ಪರದೆಯಲ್ಲಿ ಮುಚ್ಚುವ ಬಟನ್ ಸಾಸಿವೆ ಕಾಳಾಗುತ್ತದೆ. ದೊಡ್ಡ ಗಾತ್ರದ ಇನ್ನೊಂದು ಜೊತೆ ಬಿಡಿಸಿ ಇಡಬೇಕು. ಹಳೆಯ ಕಂಪ್ಯೂಟರ್, ಹಳೆಯ ರೂಪದ ಮೋಹ, ಹೆಚ್ಚು ಬದಲಾಗದ ಸಿಸ್ಟಮ್, ಮೂರೂ ಬೇಕಾದವರಿಗೆ ಎಕ್ಸ್‌ಎಫ್‌ಸಿಇ ಹೇಳಿ ಮಾಡಿಸಿದ್ದು.

ಎಲ್ಲವನ್ನೂ ತಾನೇ ಕಟ್ಟುವ ಮಂದಿ

ಐ3, ಸ್ವೇ, 2022ರ ಹೈಪರ್‌ಲ್ಯಾಂಡ್: ಲಿನಕ್ಸ್‌ನಲ್ಲಿ ವಿಂಡೋಗಳನ್ನು ಜೋಡಿಸುವುದಷ್ಟನ್ನೇ ಮಾಡುವ ಪ್ರೋಗ್ರಾಂಗಳು. ಆ ಮನಸೂರೆಗೊಳ್ಳುವ ಸ್ಕ್ರೀನ್‌ಶಾಟ್‌ಗಳಲ್ಲಿ ಬಹುಪಾಲು ಇಲ್ಲಿಂದ ಬಂದವು; ಈ ಕೆಲಸಕ್ಕೆ ಅವರಿಟ್ಟ ಹೆಸರು ರೈಸಿಂಗ್. ಇಲ್ಲಿ ಡೆಸ್ಕ್‌ಟಾಪ್ ಎನ್ನುವುದೇ ಇಲ್ಲ. ವಿಂಡೋಗಳನ್ನು ಜೋಡಿಸುವುದು ಒಂದು ಪ್ರೋಗ್ರಾಂ, ಮೇಲಿನ ಪಟ್ಟಿ ಇನ್ನೊಂದು, ಆಪ್ ತೆರೆಯುವ ಮೆನು ಮತ್ತೊಂದು. ಸೂಚನೆಗಳದ್ದು, ಬೀಗದ ಪರದೆಯದ್ದು, ವಾಲ್‌ಪೇಪರ್‌ದ್ದು ಬೇರೆ ಬೇರೆ. ಮೇಲಿನ ಪಟ್ಟಿಯ ವೇಬಾರ್‌ಗೆ ಸಿಎಸ್‌ಎಸ್, ರೋಫಿ ಮೆನುಗೆ ಅದನ್ನೇ ಹೋಲುವ ತನ್ನದೇ ಭಾಷೆ, ಸೂಚನೆ ತೋರಿಸುವ ಡನ್‌ಸ್ಟ್‌ಗೆ ಇನ್ನೊಂದು ಬಗೆಯ ಫೈಲ್. ಒಂದೇ ನೀಲಿಯನ್ನು ಆರು ಕಡೆ ಬರೆಯಬೇಕು. ಐದು ಕಡೆ ಬದಲಿಸಿ ಆರನೆಯದನ್ನು ಮರೆಯುವುದು ಖಂಡಿತ. ನಾನು ಮರೆತದ್ದು ಬೀಗದ ಪರದೆಯನ್ನು. ತಿಂಗಳುಗಟ್ಟಲೆ ಅದು ಹಳೇ ಥೀಮ್‌ನ ಪಳೆಯುಳಿಕೆಯ ಹಾಗೆ ಕೂತಿತ್ತು. ಬಣ್ಣಗಳನ್ನು ಒಂದೇ ಫೈಲ್‌ನಲ್ಲಿಟ್ಟು, ಉಳಿದವನ್ನು ಅದರಿಂದ ತಯಾರಿಸುವ ಸಣ್ಣ ಸ್ಕ್ರಿಪ್ಟ್ ಬರೆದುಕೊಂಡ ಮೇಲೆ ಆ ರಗಳೆ ಮುಗಿಯಿತು.

ಉಳಿದ ದಾರಿಗಳಿಗೆ ಹೋಲಿಸಿದರೆ ಇದರ ಅಪಾಯದ ಬಗೆಯೇ ಬೇರೆ. ಒಂದೇ ಅಪ್‌ಡೇಟ್‌ನಿಂದ ಎಲ್ಲವೂ ಕುಸಿಯುವುದಿಲ್ಲ, ಯಾಕೆಂದರೆ ಕುಸಿಯಲು ಒಂದೇ ಕಟ್ಟಡವಿಲ್ಲ. ಬದಲಿಗೆ ಆಗಾಗ ಒಂದೊಂದು ಇಟ್ಟಿಗೆ ಬೀಳುತ್ತದೆ: ಹೈಪರ್‌ಲ್ಯಾಂಡ್‌ನ ಸಂರಚನೆಯ ಪದ ಬದಲಾಯಿತು, ಇನ್ಯಾವುದೋ ಆಯ್ಕೆಯ ಹೆಸರು ಬದಲಾಯಿತು. ಬಿದ್ದದ್ದನ್ನು ಎತ್ತಿಡುವುದು ನೀವೇ. ಕೀಬೋರ್ಡ್‌ನಲ್ಲೇ ಕೆಲಸ ಮಾಡುವವರು, ಪಠ್ಯ ಫೈಲ್ ತಿದ್ದುವುದನ್ನೇ ವಿರಾಮ ಎಂದುಕೊಳ್ಳುವವರು ಬನ್ನಿ. ಬರೀ ಸ್ಕ್ರೀನ್‌ಶಾಟ್ ನೋಡಿ ಬರುವವರಿಗೆ ವೈ-ಫೈ ಪಾಸ್‌ವರ್ಡ್ ಎಲ್ಲಿ ಹಾಕಬೇಕು ಎಂಬಲ್ಲೇ ಮೊದಲ ಸಂಜೆ ಮುಗಿಯುತ್ತದೆ.

ಐಕಾನ್ ಮತ್ತು ಅಕ್ಷರ

ಐಕಾನ್ ಪೂರ್ತಿ ಜೊತೆ ಬಿಡಿಸುತ್ತೇನೆ ಎಂದು ಹೊರಟವರು ನೂರನೆಯದರ ಹೊತ್ತಿಗೆ ಸುಸ್ತಾಗುತ್ತಾರೆ. ಬೇಕಿರುವುದು ಸಾವಿರಗಳ ಲೆಕ್ಕದಲ್ಲಿ. ಲಿನಕ್ಸ್‌ನಲ್ಲಿ ಒಂದು ಸೌಕರ್ಯವಿದೆ. ಐಕಾನ್ ಥೀಮ್‌ನ ಸೂಚಿ ಫೈಲ್‌ನಲ್ಲಿ ಇನ್ನೊಂದು ಥೀಮನ್ನು ತಾಯಿ ಎಂದು ಹೆಸರಿಸಿದರೆ, ನಿಮ್ಮಲ್ಲಿ ಇಲ್ಲದ ಐಕಾನ್ ಅಲ್ಲಿಂದ ಬರುತ್ತದೆ. ಫೋಲ್ಡರ್‌ಗಳು, ಕಸದಬುಟ್ಟಿ, ದಿನವೂ ತೆರೆಯುವ ಹತ್ತು ಆಪ್ ಇಷ್ಟನ್ನೇ ಬಿಡಿಸಿ, ಉಳಿದದ್ದನ್ನು ತಾಯಿಗೆ ಬಿಡಿ. 16 ಪಿಕ್ಸೆಲ್‌ಗೆ ಬೇರೆಯದೇ ಸರಳ ಚಿತ್ರ ಬೇಕು. 48ರಲ್ಲಿ ಚೆಂದ ಕಂಡ ಗೆರೆಗಳು 16ರಲ್ಲಿ ಕಲಸಿ ಬೂದು ಮುದ್ದೆಯಾಗುತ್ತವೆ.

ಅಕ್ಷರದ ವಿಷಯದಲ್ಲಿ ಸಣ್ಣದೊಂದು ಎಚ್ಚರ. ಅನೇಕ ಥೀಮ್‌ಗಳು ಟೈಟಲ್‌ಬಾರ್, ಪಟ್ಟಿಯ ಸಾಲುಗಳ ಎತ್ತರವನ್ನು ಲ್ಯಾಟಿನ್ ಅಕ್ಷರಕ್ಕೆ ಬಿಗಿಯಾಗಿ ಕೂಡಿಸಿರುತ್ತವೆ. ಅಂಥಲ್ಲಿ ಫೈಲ್‌ಗೆ ಕನ್ನಡದ ಹೆಸರಿಟ್ಟರೆ ಒತ್ತಕ್ಷರದ ಬಾಲ ಕತ್ತರಿಸಿ ಹೋಗುತ್ತದೆ. "ಶಾಸ್ತ್ರ" ಎಂದು ಹೆಸರಿಟ್ಟ ಫೋಲ್ಡರ್ ಒಂದನ್ನು ಪರೀಕ್ಷೆಗೆಂದೇ ಇಟ್ಟುಕೊಂಡಿದ್ದೇನೆ. ತಕಾರ ರಕಾರ ಎರಡೂ ಪೂರ್ತಿ ಕಂಡರೆ ಎತ್ತರ ಸಾಕು.

ಬೇರೆಯವರ ಥೀಮ್ ಹಾಕುವ ಮುಂಚೆ

ಬಣ್ಣದ ಪಟ್ಟಿ, ವಾಲ್‌ಪೇಪರ್, ಐಕಾನ್‌ಗಳಲ್ಲಿ ಕೋಡ್ ಇರುವುದಿಲ್ಲ. ಗ್ಲೋಬಲ್ ಥೀಮ್, ವಿಜೆಟ್, ರೇನ್‌ಮೀಟರ್ ಸ್ಕಿನ್, ಯಾರದೋ ಡಾಟ್‌ಫೈಲ್‌ಗಳ (ಹಂಚಿಕೊಂಡ ಸಂರಚನಾ ಫೈಲ್‌ಗಳ) ಜೊತೆಗಿನ ಇನ್‌ಸ್ಟಾಲ್ ಸ್ಕ್ರಿಪ್ಟ್ ಇವುಗಳಲ್ಲಿ ಇರಬಹುದು. 2024ರ ಮಾರ್ಚ್‌ನಲ್ಲಿ ಕೆಡಿಇ ಮಳಿಗೆಯಿಂದ ಇಳಿಸಿದ ಒಂದು ಗ್ಲೋಬಲ್ ಥೀಮ್ ಒಬ್ಬ ಬಳಕೆದಾರರ ಫೈಲ್‌ಗಳನ್ನೆಲ್ಲ ಅಳಿಸಿಹಾಕಿತು. ಆಮೇಲೆ ಕೆಡಿಇಯವರೇ ಜನರಿಗೆ ಎಚ್ಚರ ಹೇಳಬೇಕಾಯಿತು.

ಅದಕ್ಕೇ ನನ್ನ ಕಂಪ್ಯೂಟರಿನಲ್ಲಿ ಎರಡನೆಯ ಬಳಕೆದಾರ ಖಾತೆಯೊಂದಿದೆ. ಹೊಸ ಥೀಮ್ ನನ್ನದಿರಲಿ ಬೇರೆಯವರದಿರಲಿ, ಮೊದಲು ಅಲ್ಲಿಗೆ. ಅಲ್ಲಿ ಪ್ರಿಂಟರ್ ಸೆಟ್ಟಿಂಗ್ಸ್ ತೆರೆಯುತ್ತೇನೆ, ಒಂದು ಫೈಲ್ ಅಳಿಸಲು ಹೋಗಿ ಪ್ರಶ್ನೆಯ ಡಬ್ಬಿ ಬರಿಸುತ್ತೇನೆ, ಹತ್ತು ಸಾಲು ಆಯ್ದು ಅಕ್ಷರ ಕಾಣುತ್ತದೆಯೇ ನೋಡುತ್ತೇನೆ, ಬ್ರೌಸರಿನಲ್ಲಿ ಒಂದು ಅರ್ಜಿ ತುಂಬುತ್ತೇನೆ. ಕತ್ತಲ ಥೀಮ್‌ಗಳು ಹೆಚ್ಚಾಗಿ ಸೋಲುವುದು ಈ ಕೊನೆಯದರಲ್ಲಿ: ಡಬ್ಬಿಯ ಹಿನ್ನೆಲೆ ಕಪ್ಪು, ಟೈಪ್ ಮಾಡಿದ ಅಕ್ಷರವೂ ಕಪ್ಪು. ಸ್ಕೇಲ್ 150 ಪ್ರತಿಶತಕ್ಕೆ ಏರಿಸಿ ಇನ್ನೊಮ್ಮೆ ಇದನ್ನೆಲ್ಲ ಮಾಡುತ್ತೇನೆ. ಎಲ್ಲ ಸರಿಯಿದ್ದರೆ ಥೀಮ್ ಫೋಲ್ಡರಿನಲ್ಲೇ ಒಂದು ಪಠ್ಯ ಫೈಲ್ ಮಾಡಿ, ಸಿಸ್ಟಮ್‌ನ ಆವೃತ್ತಿ ಯಾವುದು, ಯಾವ ಫೈಲ್ ಎಲ್ಲಿಟ್ಟೆ, ತೆಗೆಯಬೇಕಾದರೆ ಏನೇನು ಅಳಿಸಬೇಕು ಎಂದು ನಾಲ್ಕು ಸಾಲು ಬರೆದಿಟ್ಟು, ಆಮೇಲಷ್ಟೇ ನನ್ನ ಖಾತೆಗೆ ತರುತ್ತೇನೆ.